ಸುರಿದ ಬಣ್ಣ ಎಲ್ಲಿ ಕೆಟ್ಟಿತು? ಕಾಸರಗೋಡಿನ ಹವೆಗೆ ಒಂದು ದೋಷ ನಿವಾರಣೆ ಕೈಪಿಡಿ

ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣ ಸುರಿದು ಮಾಡಿದ ಚಿತ್ರ ಕೆಟ್ಟರೆ ಮೊದಲು ಬೈಗುಳ ಬೀಳುವುದು ಬಣ್ಣಕ್ಕೆ. ಹಳೇ ಸ್ಟಾಕು, ಲೋಕಲ್ ಮಾಲು, ಕ್ಯಾನ್ವಾಸ್ ಕೂಡ ಸರಿ ಇಲ್ಲ, ಹೀಗೆ. ಹೆಚ್ಚಿನ ಸಲ ಬಣ್ಣದ್ದು ಏನೂ ತಪ್ಪಿರುವುದಿಲ್ಲ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸದಾಗಿ ಇದಕ್ಕೆ ಕೈ ಹಾಕಿದವರ ಕ್ಯಾನ್ವಾಸುಗಳನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ, ಮಳೆಗಾಲದ ಹೊಸ್ತಿಲಿನ ತುಳು ದಿನ) ಮೊದಲಿನ ದೋಷಗಳು ಬೇರೆ, ಆಮೇಲಿನ ದೋಷಗಳು ಬೇರೆ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಅಂಟಂಟು. ಯೂಟ್ಯೂಬಿನಲ್ಲಿ ಕಲಿಸುವವರು ಎಸಿ ಕೋಣೆಯಲ್ಲೋ ಒಣ ಹವೆಯ ಊರಲ್ಲೋ ಕೂತು ಹೇಳುತ್ತಾರೆ. ಅವರ ‘24 ಗಂಟೆಯಲ್ಲಿ ಒಣಗುತ್ತದೆ’ ಅನ್ನುವ ಮಾತು ಆಟಿ ತಿಂಗಳ (ಜುಲೈ–ಆಗಸ್ಟಿನ ಮಳೆಯ) ಮಂಜೇಶ್ವರದಲ್ಲಿ ನಡೆಯುವುದಿಲ್ಲ.

ಮೊದಲು ಕೇಳಬೇಕಾದದ್ದು: ದೋಷ ಯಾವಾಗ ಕಂಡಿತು?

ಸುರಿಯುವಾಗಲೇ ಕಂಡಿತಾ, ಒಂದು ಗಂಟೆಯೊಳಗಾ, ಮರುದಿನ ಬೆಳಗ್ಗೆಯಾ, ತಿಂಗಳು ಕಳೆದ ಮೇಲಾ? ಇದು ಗೊತ್ತಾದರೆ ಅರ್ಧ ಪತ್ತೆ ಆದ ಹಾಗೆ. ಸುರಿಯುವಾಗಲೇ ಕಂಡದ್ದು ಬಣ್ಣ ಕಲಸುವ ಕಪ್ಪಿನಲ್ಲಿ (ಲೋಟದಲ್ಲಿ) ಹುಟ್ಟಿದ ದೋಷ. ಬಣ್ಣ ದಪ್ಪವಾಯಿತು ಇಲ್ಲವೇ ತೆಳುವಾಯಿತು. ಒಂದು ಗಂಟೆಯೊಳಗಿನದ್ದು ಹೆಚ್ಚಾಗಿ ಮಟ್ಟದ್ದು ಅಥವಾ ಗುಳ್ಳೆಯದ್ದು. ಮರುದಿನ ಕಂಡದ್ದು ಹೆಚ್ಚಾಗಿ ಗಾಳಿ, ಬಿಸಿಲು, ತೇವದ್ದು; ರಾತ್ರಿಯಲ್ಲಿ ಚಿತ್ರ ಜಾರಿದ್ದರೆ ಅದೂ ಮಟ್ಟದ್ದೇ. ತಿಂಗಳ ಮೇಲೆ ಬಂದದ್ದಾದರೆ ಬಣ್ಣಕ್ಕೆ ಕಲಸಿದ ಸಿಲಿಕೋನ್ ಎಣ್ಣೆ ಅಥವಾ ಬಿಳಿ ಅಂಟಿನ ಮೇಲೆ ಅನುಮಾನ ಪಡಿ.

ಅದಕ್ಕೇ ಸುರಿದ ಕೂಡಲೇ ಒಂದು ಫೋಟೋ, ಗಂಟೆ ಬಿಟ್ಟು ಒಂದು, ಮರುದಿನ ಒಂದು ತೆಗೆದಿಡಿ. ಎಷ್ಟು ಬಣ್ಣಕ್ಕೆ ಎಷ್ಟು ಮೀಡಿಯಂ (ಬಣ್ಣ ಸಲೀಸಾಗಿ ಹರಿಯುವಂತೆ ಕಲಸುವ ದ್ರವ), ಎಷ್ಟು ನೀರು ಅಂತ ಕ್ಯಾನ್ವಾಸಿನ ಬೆನ್ನಿಗೇ ಪೆನ್ಸಿಲಿನಲ್ಲಿ ಬರೆದುಬಿಡಿ. ಮುಂದಿನ ಸಲ ಒಂದೇ ಒಂದು ಸಂಗತಿ ಬದಲಿಸಿ. ಬಣ್ಣ, ನೀರು, ಫ್ಯಾನು ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾಕೆ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಪರೀಕ್ಷೆಗೆ ಕ್ಯಾನ್ವಾಸ್ ಹಾಳು ಮಾಡುವುದೂ ಬೇಡ. ಮನೆ ಕಟ್ಟಿದಾಗ ಉಳಿದ ಟೈಲ್ಸ್ ತುಂಡು ಸಾಕು.

ಬಿರುಕು

ಇದು ಫೆಬ್ರವರಿಯಿಂದ ಮೇವರೆಗಿನ ದೋಷ. ಕ್ಯಾನ್ವಾಸನ್ನು ಕಿಟಕಿ ಹತ್ತಿರ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ಬಿರುಕು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ.

ನಡುವಿನಲ್ಲಿ ಮಾತ್ರ ಇದ್ದರೆ ಅಲ್ಲಿ ಬಣ್ಣ ಹೊಂಡ ನಿಂತಿದೆ. ಕ್ಯಾನ್ವಾಸ್ ಬಟ್ಟೆ ಸಡಿಲ ಇದ್ದರೆ ಬಣ್ಣದ ಭಾರಕ್ಕೆ ನಡು ಜಗ್ಗುತ್ತದೆ, ಸುತ್ತಲಿನ ಬಣ್ಣವೆಲ್ಲ ಅಲ್ಲಿಗೆ ಇಳಿಯುತ್ತದೆ. ಬೆರಳಿನಿಂದ ಹಿಂದಿನಿಂದ ಒತ್ತಿ ನೋಡಿದರೆ ತಿಳಿಯುತ್ತದೆ. ಬಿರುಕು ಒಂದೇ ಅಂಚಿನ ಕಡೆ ಜಾಸ್ತಿ ಇದ್ದರೆ ಮಟ್ಟ ತಪ್ಪಿದೆ, ಇಲ್ಲವೇ ಆ ಕಡೆಯಿಂದ ಗಾಳಿಯೋ ಬಿಸಿಲೋ ಬಿದ್ದಿದೆ. ಇಡೀ ಮೈಮೇಲೆ ಸಣ್ಣ ಸಣ್ಣ ಬಿರುಕುಗಳ ಬಲೆ ಇದ್ದರೆ ಮಿಶ್ರಣದಲ್ಲೇ ನೀರು ಜಾಸ್ತಿಯಾಗಿದೆ. ಒಂದೇ ಬಣ್ಣ ಬಿರಿದು ಉಳಿದವು ಚೆನ್ನಾಗಿದ್ದರೆ ಆ ಬಣ್ಣದ ಕಪ್ಪನ್ನು ಮಾತ್ರ ವಿಚಾರಿಸಿ. ಬಿಳಿಗೆ ಮನೆಯಲ್ಲಿ ಉಳಿದ ಡಿಸ್ಟೆಂಪರ್ ಸೇರಿಸಿದವರಿದ್ದಾರೆ. ಅದರಲ್ಲಿ ಹಿಡಿದುಕೊಳ್ಳುವ ಅಂಟು ಕಡಿಮೆ, ಪುಡಿ ಜಾಸ್ತಿ. ಒಣಗಿದ ಮೇಲೆ ಕೈಗೆ ಸೀಮೆಸುಣ್ಣ ಬಂದ ಹಾಗೆ ಬರುತ್ತದೆ. ಗೋಡೆಯ ಒಳಬದಿಗೆ ಬಳಿಯುವ ಅಕ್ರಿಲಿಕ್ ಇಮಲ್ಷನ್ ಆದರೆ ಕಲಿಯುವ ಹಂತಕ್ಕೆ ಪರವಾಗಿಲ್ಲ.

ಬಿರುಕು ಯಾಕೆ ಬರುತ್ತದೆ ಅಂದರೆ, ಅಕ್ರಿಲಿಕ್ ಒಣಗುವುದು ನೀರು ಹಾರಿ ಹೋಗಿ. ನೀರು ಮೊದಲು ಹೋಗುವುದು ಮೇಲಿನಿಂದ. ಮೇಲೊಂದು ಚರ್ಮ ಕಟ್ಟುತ್ತದೆ, ಕೆಳಗೆ ಇನ್ನೂ ಹಸಿ. ಕೆಳಗಿನದ್ದು ನೀರು ಬಿಟ್ಟು ಕುಗ್ಗುವಾಗ ಮೇಲಿನ ಚರ್ಮ ಹಿಗ್ಗಲಾರದೆ ಹರಿಯುತ್ತದೆ. ಪದರ ದಪ್ಪ ಇದ್ದಷ್ಟೂ, ಮೇಲೆ ಬೇಗ ಒಣಗಿದಷ್ಟೂ ಇದು ಜಾಸ್ತಿ.

ಈಗ ನಮ್ಮಲ್ಲಿ ಏನು ಮಾಡುತ್ತಾರೆ? ಸುರಿದ ಕೂಡಲೇ ಸೀಲಿಂಗ್ ಫ್ಯಾನನ್ನು ಐದಕ್ಕೆ ಇಡುತ್ತಾರೆ. ಇನ್ನು ಕೆಲವರು ಅಡಿಕೆ ಒಣಗಿಸುವ ಸೋಲಾರ್ ಡ್ರೈಯರಿಗೆ ಒಯ್ಯುತ್ತಾರೆ. ಅಡಿಕೆಗೆ ಆ ಬಿಸಿ ಬೇಕು, ಹಸಿ ಅಕ್ರಿಲಿಕ್ಕಿಗೆ ಬೇಡವೇ ಬೇಡ. ಬೇಸಿಗೆಯಲ್ಲಿ ನಿಮ್ಮ ಕೆಲಸ ಒಣಗುವುದನ್ನು ನಿಧಾನ ಮಾಡುವುದು. ಫ್ಯಾನ್ ಬಂದ್ ಮಾಡಿ. ಕಿಟಕಿಯ ಬಿಸಿಲು ಬೀಳದ ಕೋಣೆ ಆರಿಸಿ, ಹಳೆ ಹಂಚಿನ ಮನೆಯ ನಡುಕೋಣೆ ಇದಕ್ಕೆ ಬಹಳ ಒಳ್ಳೆಯದು. ಮೇಲಿನಿಂದ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟು ಎರಡು ಬೆರಳು ಎತ್ತರಿಸಿಡಿ. ಮೊದಲ ದಿನ ಹಾಗೇ ಇರಲಿ.

ಬಣ್ಣದ ಅಳತೆಯನ್ನೂ ನೋಡಿಕೊಳ್ಳಿ. 8 ಇಂಚು ಅಗಲ, 10 ಇಂಚು ಉದ್ದದ ಕ್ಯಾನ್ವಾಸಿಗೆ ಎಲ್ಲ ಸೇರಿಸಿ ಕಲಸಿದ ಬಣ್ಣ 120ರಿಂದ 150 ಮಿಲಿ ಸಾಕು. ಜಾಸ್ತಿ ಆಗಿದ್ದರೆ ಓರೆ ಮಾಡಿ ಅಂಚಿನಿಂದ ಇಳಿಸಿಬಿಡಿ. ದುಡ್ಡು ಕೊಟ್ಟ ಬಣ್ಣ ಅಂತ ಮೇಲೆಯೇ ಉಳಿಸಿಕೊಂಡರೆ ಬಿರಿಯುವುದು ಅದೇ.

ಆಗಲೇ ಬಿರಿದದ್ದನ್ನು ಏನು ಮಾಡುವುದು? ಪೂರ್ತಿ ಒಣಗಲು ಬಿಡಿ. ಸಣ್ಣ ಬಿರುಕಿಗೆ ಅದೇ ಬಣ್ಣವನ್ನು ಮೀಡಿಯಂ ಜೊತೆ ಕಲಸಿ ಸಪೂರ ಬ್ರಶ್ಶಿನಲ್ಲಿ ತುಂಬಬಹುದು. ದೊಡ್ಡದಾದರೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಬಿಳಿ ಬಳಿದು, ಮೇಲೆ ಹೊಸದಾಗಿ ಸುರಿಯಿರಿ. ಕೆಲವು ಬಿರುಕು ನೋಡಲು ಚಂದವೇ ಇರುತ್ತದೆ, ಅದನ್ನು ಸುಮ್ನೆ ಬಿಟ್ಟುಬಿಡಿ.

ಅಂಟಂಟು, ಒಣಗುವುದೇ ಇಲ್ಲ

ಜೂನ್ ಬಂತೆಂದರೆ ಪುರಾಣ ತಿರುಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬಣ್ಣದ ನೀರು ಹೋಗುವುದೆಲ್ಲಿಗೆ? ನಿಧಾನಕ್ಕೆ ಒಣಗುವುದರಿಂದ ಬಿರುಕೇನೋ ಕಡಿಮೆ. ಆದರೆ ಮೂರು ದಿನ ಕಳೆದರೂ ಬೆರಳು ಅಂಟುತ್ತದೆ.

ಇಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಕ್ಯಾನ್ವಾಸಿನ ಬದಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಉಗುರಿನಿಂದ ಮೆಲ್ಲ ಒತ್ತಿ. ಉಗುರು ಒಳಗೆ ಇಳಿದು ಗುರುತು ಹಾಗೇ ನಿಂತರೆ ಅಡಿಯಲ್ಲಿ ಇನ್ನೂ ಹಸಿ ಇದೆ. ಕಾಯಬೇಕು, ಬೇರೆ ಔಷಧವಿಲ್ಲ. ಉಗುರು ಇಳಿಯದೆ ಮೇಲ್ಮೈ ಮಾತ್ರ ಅಂಟುತ್ತಿದ್ದರೆ ಅದು ಅಂಟಿನ ದೋಷ. ಪೌರಿಂಗ್ ಮೀಡಿಯಂ ದುಬಾರಿ, ಕಾಸರಗೋಡು ಪೇಟೆಯಲ್ಲಿ ಸಿಗದಿದ್ದರೆ ಮಂಗಳೂರಿಗೆ ಹೋಗಬೇಕು ಅಥವಾ ಆನ್‌ಲೈನಲ್ಲಿ ತರಿಸಬೇಕು. ಹಾಗಾಗಿ ಎಲ್ಲರೂ ಫೆವಿಕಾಲ್ ಥರದ ಬಿಳಿ ಅಂಟನ್ನು ನೀರಲ್ಲಿ ಕಲಸಿ ಬಳಸುತ್ತಾರೆ. ಕಲಿಯುವಾಗ ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಅಂಟು ಒಣಗಿದ ಮೇಲೂ ತೇವ ಹೀರುತ್ತದೆ. ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಮೇಲೊಂದು ಹಾಲಿನ ಬಣ್ಣದ ಮಸುಕು ಬರುತ್ತದೆ. ಹವೆ ಒಣಗಿದರೆ ಮಸುಕು ತಾನಾಗಿ ಹೋಗುತ್ತದೆ. ಮುಂದಿನ ಆಟಿಗೆ ಮತ್ತೆ ಬರುತ್ತದೆ. ಮಾರಲು, ಉಡುಗೊರೆ ಕೊಡಲು ಮಾಡುವುದಾದರೆ ಅಂಟನ್ನು ಬಿಟ್ಟು ಅಕ್ರಿಲಿಕ್ ಮೀಡಿಯಮ್ಮಿಗೇ ಖರ್ಚು ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಮೀಡಿಯಂ ಅಗ್ಗದ್ದು ಬೇಡ.

ಮಳೆಗಾಲದಲ್ಲಿ ಫ್ಯಾನ್ ಬೇಕೇ ಬೇಕು, ಆದರೆ ಮೇಲಿನಿಂದ ಅಲ್ಲ. ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿಟ್ಟು ಕೋಣೆಯ ಗಾಳಿ ತಿರುಗುವಂತೆ ಮಾಡಿ. ಮೊದಲ ರಾತ್ರಿ ಕಳೆದು ಮೇಲ್ಮೈ ಕೂತ ಮೇಲೆ ಇದನ್ನು ಶುರು ಮಾಡಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುತ್ತದೆ ನಿಜ, ಹೊಗೆಯ ಮಸಿಯೂ ಜೊತೆಗೆ ಕೂರುತ್ತದೆ.

ಇದೇ ಹೊತ್ತಿಗೆ ಬರುವ ಇನ್ನೊಂದು ತೊಂದರೆ ಬೂಸ್ಟು. ಕ್ಯಾನ್ವಾಸಿನ ಹಿಂದೆ ಬರಿ ಹತ್ತಿ ಬಟ್ಟೆ ಇರುತ್ತದಲ್ಲ, ಮುರಕಲ್ಲಿನ ಗೋಡೆಗೆ ತಾಗಿಸಿ ನೇತುಹಾಕಿದರೆ ಅಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಸಣ್ಣ ಮರದ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಹೋಗಲಿ.

ರಾತ್ರಿ ಇದ್ದ ಚಿತ್ರ ಬೆಳಗ್ಗೆ ಇಲ್ಲ

ಮಲಗುವಾಗ ನಡುವಿನಲ್ಲಿದ್ದ ಹೂವಿನಂಥ ಆಕಾರ ಬೆಳಗ್ಗೆ ಅಂಚಿಗೆ ಹೋಗಿ ಕೂತಿದೆ. ಇದು ಹೆಚ್ಚಾಗಿ ಮಟ್ಟದ ದೋಷ. ನಮ್ಮ ಹಳೇ ಮನೆಗಳ ಕೆಂಪು ಕಾವಿ ನೆಲ ನೋಡಲು ಸಮ, ನೀರು ಹೊಯ್ದರೆ ಮಾತ್ರ ಯಾವ ಕಡೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಗುಡಿಸಿ ತೊಳೆದ ನೀರು ಹೊರಗೆ ಹೋಗಲಿ ಅಂತಲೇ ಇಳಿಜಾರು ಕೊಟ್ಟಿರುತ್ತಾರೆ. ಜಗಲಿಯಂತೂ ಖಂಡಿತ ಬೇಡ.

ಮೇಸ್ತ್ರಿಗಳ ರಸಮಟ್ಟ ಒಂದು ಸಿಕ್ಕಿದರೆ ಒಳ್ಳೆಯದು. ಮೇಜಿನ ಮೇಲಲ್ಲ, ಕ್ಯಾನ್ವಾಸ್ ಚೌಕಟ್ಟಿನ ಮೇಲೆಯೇ ಇಟ್ಟು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನೋಡಿ. ಮೊಬೈಲಿನ ಆ್ಯಪ್ ಬಳಸುವವರು ಒಂದು ನೆನಪಿಡಿ: ಹಿಂದೆ ಕ್ಯಾಮೆರಾ ಉಬ್ಬಿಕೊಂಡಿರುವ ಫೋನು ಮಲಗಿಸಿದಾಗಲೇ ಓರೆ ಇರುತ್ತದೆ. ಕ್ಯಾಮೆರಾ ಅಂಚಿನಿಂದ ಹೊರಗೆ ಬರುವಂತೆ ಇಟ್ಟು ಅಳೆಯಿರಿ. ತಗ್ಗಿದ ಮೂಲೆಯ ಕೆಳಗೆ ಮಡಚಿದ ಕಾಗದ ಕೊಟ್ಟು ಸರಿ ಮಾಡಿ.

ಕ್ಯಾನ್ವಾಸೇ ತಿರುಚಿದ್ದರೆ ಯಾವ ಮಟ್ಟವೂ ಉಪಯೋಗಕ್ಕೆ ಬಾರದು. ಸಮ ಮೇಜಿನ ಮೇಲಿಟ್ಟು ಮೂಲೆ ಒತ್ತಿ, ಟಕಟಕ ಅಂದರೆ ತಿರುಚಿದೆ. ಸಡಿಲ ಬಟ್ಟೆಗೆ ಹಿಂದಿನಿಂದ ನೀರು ಚಿಮುಕಿಸಿ ಒಣಗಲು ಬಿಟ್ಟರೆ ಸ್ವಲ್ಪ ಬಿಗಿಯಾಗುತ್ತದೆ. ಅದು ಸುರಿಯುವ ಹಿಂದಿನ ದಿನದ ಕೆಲಸ.

ಮಟ್ಟ ಎಲ್ಲ ಸರಿ ಇದ್ದೂ ಚಿತ್ರ ಜಾರಿದರೆ ಬಣ್ಣ ತೆಳುವಾಗಿದೆ. ನೀರುದೋಸೆ ಹಿಟ್ಟಿನಷ್ಟು ತೆಳು ಆಗಬಾರದು. ಕಡ್ಡಿ ಎತ್ತಿದಾಗ ಬಣ್ಣ ಕಡಿಯದೆ ಎಳೆಯಾಗಿ ಇಳಿಯಬೇಕು, ಬಿದ್ದಲ್ಲಿ ಸಣ್ಣ ದಿಬ್ಬ ಕಟ್ಟಿ ಒಂದೆರಡು ಸೆಕೆಂಡಿನಲ್ಲಿ ಮಾಯವಾಗಬೇಕು. ದಿಬ್ಬ ಕಟ್ಟದೇ ಹೋದರೆ ತೆಳು. ದಿಬ್ಬ ಹಾಗೇ ಕೂತರೆ ದಪ್ಪ. ಬಣ್ಣ ಒಂದು ಪಾಲು, ಮೀಡಿಯಂ ಎರಡು ಪಾಲು ಇಂದ ಶುರು ಮಾಡಿ, ನೀರನ್ನು ಚಮಚದ ಲೆಕ್ಕದಲ್ಲಿ ಮಾತ್ರ ಹಾಕಿ. ನೀರು ಅತಿಯಾದರೆ ಬಣ್ಣವನ್ನು ಹಿಡಿದಿಡುವ ಅಕ್ರಿಲಿಕ್ ಅಂಟೇ ಬಿಡಿಬಿಡಿಯಾಗಿ, ಒಣಗಿದ ಮೇಲೆ ಬಣ್ಣ ಪುಡಿಯಾಗುತ್ತದೆ, ಇಲ್ಲವೇ ಸಿಪ್ಪೆಯಾಗಿ ಏಳುತ್ತದೆ. ಎಲ್ಲ ಕಪ್ಪುಗಳೂ ಒಂದೇ ಹದದಲ್ಲಿರಬೇಕು. ಒಂದು ದಪ್ಪ, ಒಂದು ತೆಳು ಇದ್ದರೆ ತೆಳುವಾದದ್ದು ಉಳಿದದ್ದನ್ನು ಎಳೆದುಕೊಂಡು ಓಡುತ್ತದೆ.

ಎಲ್ಲ ಸೇರಿ ಕೆಸರು

ಬಣ್ಣದ ಆಯ್ಕೆಯದ್ದೇ ತೊಂದರೆ. ಕೇಸರಿ ಮತ್ತು ನೀಲಿ, ಕೆಂಪು ಮತ್ತು ಹಸಿರು, ಹಳದಿ ಮತ್ತು ನೇರಳೆ, ಈ ಜೋಡಿಗಳು ಬೆರೆತರೆ ಕಂದು ಬಿಟ್ಟು ಬೇರೇನೂ ಆಗದು. ನಡುವೆ ಬಿಳಿಯೋ ಚಿನ್ನದ ಬಣ್ಣವೋ ಒಂದು ಪದರ ಕೊಡಿ. ಮತ್ತೆ ಓರೆ ಮಾಡುವುದನ್ನು ನಿಲ್ಲಿಸಿ. ನಾಲ್ಕು ಮೂಲೆ ಮುಚ್ಚಿದ ಮೇಲೆ ಇನ್ನೂ ಆಚೀಚೆ ಆಡಿಸುವ ಆಸೆ ಎಲ್ಲರಿಗೂ ಇರುತ್ತದೆ.

ಒಣಗಿದ ಮೇಲೆ ಬಣ್ಣ ಗಾಢವಾಯಿತು ಅನ್ನುವುದು ದೋಷವಲ್ಲ. ಹಸಿ ಇರುವಾಗ ಅಕ್ರಿಲಿಕ್ ಅಂಟು ಬಿಳಿ, ಒಣಗಿದರೆ ಪಾರದರ್ಶಕ. ಅಷ್ಟೇ.

ಸೆಲ್ ಬರಲಿಲ್ಲ

ಸುರಿದ ಬಣ್ಣದಲ್ಲಿ ಕಣ್ಣು ಕಣ್ಣಾಗಿ ತೆರೆಯುವ ವೃತ್ತಗಳಿಗೆ ಸೆಲ್ ಅನ್ನುತ್ತಾರೆ. ಹೊಸಬರಿಗೆ ಬೇಕಾದ್ದೇ ಅದು. ಅದರ ಗುಟ್ಟು ಭಾರದಲ್ಲಿದೆ. 1936ರಲ್ಲಿ ಮೆಕ್ಸಿಕೋದ ಚಿತ್ರಕಾರ ಡೇವಿಡ್ ಆಲ್ಫಾರೊ ಸಿಕೆರೋಸ್ ನ್ಯೂಯಾರ್ಕಿನ ತನ್ನ ಕಾರ್ಯಾಗಾರದಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದನ್ನು ಸುರಿದು ಇಂಥ ಆಕಾರ ತೆಗೆದಿದ್ದ. ಅವನ ಬಣ್ಣ ಅಕ್ರಿಲಿಕ್ ಅಲ್ಲ, ಕಾರಣ ಮಾತ್ರ ಇದೇ. ಮೇಲಿನ ದ್ರವ ಭಾರ, ಕೆಳಗಿನದ್ದು ಹಗುರ ಇದ್ದರೆ ಮೇಲಿನದ್ದು ಮುಳುಗುತ್ತಾ ಕೆಳಗಿನದ್ದು ಮೇಲೇಳುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ರೇಲೀ–ಟೇಲರ್ ಅಸ್ಥಿರತೆ ಅಂತ ಹೆಸರು. 2015ರಲ್ಲಿ ಮೆಕ್ಸಿಕೋದ ಸಂಶೋಧಕರು ಸಿಕೆರೋಸ್‌ನ ವಿಧಾನವನ್ನು ಪ್ರಯೋಗ ಮಾಡಿ ಇದನ್ನೇ ತೋರಿಸಿದರು.

ನಮಗೆ ಇದರಿಂದ ಸಿಗುವ ಉಪಯೋಗ: ಟೈಟಾನಿಯಂ ಬಿಳಿ ಭಾರ, ಇದ್ದಿಲ ಕಪ್ಪು ಮತ್ತು ಥ್ಯಾಲೋ ನೀಲಿ ಹಗುರ. ಬಿಳಿಯನ್ನು ಅಡಿಗೆ ಹಾಕಿ ಮೇಲೆ ನೀಲಿ ಸುರಿದು ಸೆಲ್ ಬರಲಿಲ್ಲ ಅಂದರೆ ಬರುವುದಾದರೂ ಹೇಗೆ? ಕ್ರಮ ತಿರುಗಿಸಿ ನೋಡಿ. ಬಣ್ಣ ದಪ್ಪ ಇದ್ದರೂ ಸೆಲ್ ಬರದು, ಮೇಲೇಳಲು ಅದಕ್ಕೆ ದಾರಿ ಬೇಕಲ್ಲ.

ಸಿಲಿಕೋನ್ ಎಣ್ಣೆ ಹಾಕುವುದಾದರೆ ಕಪ್ಪಿನಲ್ಲಿರುವ 100 ಮಿಲಿ ಬಣ್ಣಕ್ಕೆ ಒಂದೆರಡು ಹನಿ, ಅದೂ ಎಲ್ಲ ಬಣ್ಣಕ್ಕೂ ಅಲ್ಲ. ಜಾಸ್ತಿ ಕಲಸಿದರೆ ಸೆಲ್ ಸಾಸಿವೆ ಗಾತ್ರದ್ದಾಗುತ್ತದೆ. ಎರಡು ಮೂರು ಸುತ್ತು ತಿರುಗಿಸಿ ನಿಲ್ಲಿಸಿ. ಡೈಮೆಥಿಕೋನ್ (ಅದೂ ಒಂದು ಸಿಲಿಕೋನ್) ಇರುವ ತಲೆಕೂದಲಿನ ಸೀರಮ್ಮೂ ಆಗುತ್ತದೆ.

ತೆಂಗಿನೆಣ್ಣೆ ಆಗುತ್ತದಾ ಅಂತ ಕೇಳದವರಿಲ್ಲ. ತೆಂಗಿನ ನಾಡಿನಲ್ಲಿ ಆ ಪ್ರಶ್ನೆ ಬರುವುದು ಸಹಜ. ಆಗುವುದಿಲ್ಲ. ತೆಂಗಿನೆಣ್ಣೆ ಯಾವ ಕಾಲಕ್ಕೂ ಒಣಗುವ ಎಣ್ಣೆ ಅಲ್ಲ. ಬಣ್ಣದ ಮೇಲೆ ಜಿಡ್ಡಿನ ಕಲೆಯಾಗಿ ಉಳಿಯುತ್ತದೆ, ಡಿಸೆಂಬರಿನ ಬೆಳಗಿನ ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಗುಳ್ಳೆ ಮತ್ತು ಹುಳ

ಸೂಜಿಮೊನೆಯಂಥ ತೂತುಗಳು ಒಣಗಿದ ಮೇಲೆ ಕಂಡರೆ ಅವು ಕಲಸುವಾಗ ಒಳಗೆ ಹೋದ ಗಾಳಿ. ಐಸ್‌ಕ್ರೀಮ್ ಕಡ್ಡಿಯಲ್ಲಿ ನಿಧಾನ ಕಲಸಿ, ಕಪ್ಪು ಮುಚ್ಚಿ 15–20 ನಿಮಿಷ ಇಡಿ. ಸುರಿದ ಮೇಲೆ ಕ್ಯಾನ್ವಾಸಿನ ಅಡಿಯಿಂದ ಬೆರಳಲ್ಲಿ ತಟ್ಟಿ. ಗ್ಯಾಸ್ ಟಾರ್ಚ್ ಬಳಸುವವರು ಒಂದೇ ಕಡೆ ನಿಲ್ಲಿಸಬೇಡಿ, ಬಿಸಿಯಾದಲ್ಲಿ ಚರ್ಮ ಕಟ್ಟಿ ಸುಕ್ಕು ಬರುತ್ತದೆ. ಅಡಿಕೆ ಸಿಪ್ಪೆ, ಸೋಗೆ ಇರುವ ಕೊಟ್ಟಿಗೆಯಲ್ಲಿ ಟಾರ್ಚ್ ಹಚ್ಚಲೇಬೇಡಿ.

ಮೊದಲ ಮಳೆ ಬಿದ್ದ ಸಂಜೆ ಮಾತ್ರ ಸುರಿಯುವ ಕೆಲಸವೇ ಬೇಡ. ರೆಕ್ಕೆಯ ಗೆದ್ದಲು ಲೈಟಿಗೆ ಬಂದು, ಹಸಿ ಬಣ್ಣದ ಹೊಳಪಿಗೆ ಬಿದ್ದು, ರೆಕ್ಕೆ ಕಳಚಿ ತೆವಳುತ್ತವೆ. ಒಂದೊಂದೂ ಒಂದೊಂದು ಗೆರೆ ಎಳೆಯುತ್ತದೆ. ಬಿದ್ದ ಕೂಡಲೇ ಆದರೆ ಚಿಮಟದಿಂದ ತೆಗೆಯಿರಿ, ಬಣ್ಣ ತಾನಾಗಿ ಕೂಡಿಕೊಳ್ಳುತ್ತದೆ. ಅರ್ಧ ಗಂಟೆ ಕಳೆದಿದ್ದರೆ ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ ಬ್ಲೇಡಿನ ತುದಿಯಲ್ಲಿ ಎಬ್ಬಿಸಿ, ಆ ಜಾಗಕ್ಕೆ ಒಂದು ಚುಕ್ಕೆ ಬಣ್ಣ ಇಡಿ.

ವಾರ್ನಿಷ್ ನಿಲ್ಲುವುದಿಲ್ಲ

ಚಿತ್ರ ಒಣಗಿದೆ, ವಾರ್ನಿಷ್ ಬಳಿದರೆ ಅಲ್ಲಲ್ಲಿ ಹಿಂದೆ ಸರಿದು ದುಂಡು ದುಂಡು ಬೋಳು ಜಾಗ ಬಿಡುತ್ತದೆ. ಮತ್ತೆ ಬಳಿದರೆ ಮತ್ತೆ ಸರಿಯುತ್ತದೆ. ಸೆಲ್ ಬರಲಿ ಅಂತ ಹಾಕಿದ ಸಿಲಿಕೋನ್ ಮೇಲೆ ಬಂದು ಕೂತದ್ದರ ಫಲ ಇದು.

ವಾರ್ನಿಷ್ ಡಬ್ಬಿ ತೆರೆಯುವ ಮೊದಲೇ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ಮುತ್ತಾಗಿ ಉರುಳಿದರೆ ಎಣ್ಣೆ ಇದೆ. ಅಗಲವಾಗಿ ಹರಡಿದರೆ ಸರಿ ಇದೆ. ನಾಲ್ಕೈದು ಕಡೆ ಹೀಗೆ ನೋಡಿ, ಸೆಲ್ ಜಾಸ್ತಿ ಇರುವ ಜಾಗ ಬಿಡಬೇಡಿ.

ತೆಗೆಯುವ ವಿಧಾನ: ಸುರಿದು ಕನಿಷ್ಠ 3–4 ವಾರ ಆಗಿರಬೇಕು, ಮಳೆಗಾಲವಾದರೆ ಇನ್ನೂ ಜಾಸ್ತಿ. ಟಾಲ್ಕಂ ಪೌಡರೋ ಕಾರ್ನ್‌ಫ್ಲೋರೋ ತೆಳುವಾಗಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ, ಎಣ್ಣೆ ಹೀರಲಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಉಜ್ಜದೆ ಒರೆಸಿ. ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ. ಒಣಗಿಸಿ ಮತ್ತೆ ಹನಿ ಪರೀಕ್ಷೆ. ಅಂಟು ಕಲಸಿ ಮಾಡಿದ ಚಿತ್ರವಾದರೆ ನೀರು ತೀರಾ ಕಡಿಮೆ ಇರಲಿ, ಆ ಅಂಟು ನೀರಿಗೆ ಮೆತ್ತಗಾಗುತ್ತದೆ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟ್ಲಿ ಮನೆಯಲ್ಲಿ ಉಳಿದಿದ್ದರೆ ಅದನ್ನು ಇದಕ್ಕೆ ತರಬೇಡಿ. ಆಲ್ಕೋಹಾಲು ಅಕ್ರಿಲಿಕ್ಕನ್ನೇ ಕರಗಿಸುತ್ತದೆ.

ಮಳೆ ಸುರಿಯುವ ದಿನ ವಾರ್ನಿಷ್ ಬಳಿಯುವುದು ಬೇಡ. ಒಳಗೆ ತೇವ ಸಿಕ್ಕಿಕೊಂಡು ಬಿಳಿ ಮಂಜು ಕೂರುತ್ತದೆ. ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆ ತಿಂಗಳು. ಬಳಿದ ಮೇಲೂ ಅಕ್ರಿಲಿಕ್ ಬಿಸಿಗೆ ಮೆತ್ತಗಾಗುವ ವಸ್ತು. ಬಸ್ಸಿನಲ್ಲಿ ಮಂಗಳೂರಿಗೆ ಒಯ್ಯುವಾಗ ಬಬಲ್ ಶೀಟನ್ನು ನೇರ ಮೇಲೆ ಸುತ್ತಿದರೆ ಉರುಟು ಉರುಟು ಅಚ್ಚು ಬೀಳುತ್ತದೆ. ಪೇಪರ್ ಸುತ್ತಿದರೆ ಪೇಪರೇ ಅಂಟುತ್ತದೆ. ಬೇಕಿಂಗಿಗೆ ಬಳಸುವ ಸಿಲಿಕೋನ್ ಲೇಪದ ಕಾಗದ ಮೊದಲು, ಅದರ ಮೇಲೆ ಬಬಲ್ ಶೀಟ್.

ಕಪ್ಪಿನಲ್ಲಿ ಉಳಿದದ್ದು

ಕಲಸಿಟ್ಟ ಬಣ್ಣ ಮಳೆಗಾಲದಲ್ಲಿ ಹುಳಿ ವಾಸನೆ ಬಂದರೆ ಬಿಸಾಡಿ. ಬಾಟ್ಲಿಯಲ್ಲಿರುವಾಗ ಕೆಡದಂತೆ ಹಾಕಿದ ಪದಾರ್ಥ, ನೀರು ಬೆರೆಸಿದ ಮೇಲೆ ಸಾಕಾಗುವುದಿಲ್ಲ. ಇಡಲೇಬೇಕಾದರೆ ಕುದಿಸಿ ಆರಿಸಿದ ನೀರಲ್ಲಿ ಕಲಸಿ, ಗಾಳಿಯಾಡದಂತೆ ಮುಚ್ಚಿ.

ಕಪ್ಪು ತೊಳೆದ ನೀರನ್ನು ತೋಟದ ಕಣಿಗೆ, ಬಾವಿಕಟ್ಟೆಗೆ ಚೆಲ್ಲಬೇಡಿ. ಈ ಕಡೆ ಎಷ್ಟೋ ಮನೆಗಳಿಗೆ ಗುಡ್ಡದ ಸುರಂಗದ ನೀರೇ ಕುಡಿಯಲು ಇರುವುದು, ಮತ್ತೆ ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕು. ಉಳಿದ ಬಣ್ಣವನ್ನು ಕಪ್ಪಿನಲ್ಲೇ ಒಣಗಲು ಬಿಟ್ಟರೆ ಮರುದಿನವೋ ನಾಲ್ಕು ದಿನಕ್ಕೋ ಅದು ರಬ್ಬರಿನ ಹಾಳೆಯಾಗಿ ಪೂರ್ತಿ ಎದ್ದು ಬರುತ್ತದೆ, ಕಸದ ಚೀಲಕ್ಕೆ ಹಾಕಿದರೆ ಆಯಿತು. ಬ್ರಶ್ ತೊಳೆದ ನೀರನ್ನು ಹಳೇ ಬಕೆಟ್ಟಿನಲ್ಲಿ ಎರಡು ದಿನ ನಿಲ್ಲಿಸಿ. ಮೇಲಿನ ತಿಳಿಯನ್ನು ಬಾವಿಯಿಂದ ದೂರ ಬಿಟ್ಟು, ತಳದ ಗಸಿಯನ್ನು ಪೇಪರಿಗೆ ಸುರಿದು ಒಣಗಿಸಿ ಬಿಸಾಡಿ.